ಗಾಳಿಕಂಬಕ್ಕೆ ಕಟ್ಟಿದ ದೃಷ್ಟಿಬೊಂಬೆ

ವಿಮಾನ ಇಳಿಯುವಾಗ ಗಾಳಿಯ ಸುಳಿಗೆ ಸಿಕ್ಕಿ ಎಷ್ಟು ಕುಲುಕುತ್ತದೆ ಎಂಬುದನ್ನು ರಾಧಾಮಣಿ ತನ್ನ ಪಿಎಚ್‌ಡಿಗಾಗಿ ಐದು ವರ್ಷದಿಂದ ಲೆಕ್ಕ ಹಾಕುತ್ತಿದ್ದಳು. ವಿಮಾನದ ಮೆಟ್ಟಿಲನ್ನು ಮಾತ್ರ ಇನ್ನೂ ತುಳಿದಿರಲಿಲ್ಲ. ಅವಳು ಕಂಡ ಕುಲುಕಾಟವೆಲ್ಲ ಮಾಗಡಿ ಬಸ್ಸಿನ ಹಿಂದಿನ ಸೀಟಿನದು. ಅದಕ್ಕೆ ಯಾವ ಸಮೀಕರಣವೂ ಬೇಕಿರಲಿಲ್ಲ.

ಲೆಕ್ಕ ಸರಿಯೋ ತಪ್ಪೋ ತಿಳಿಯಲು ನಿಜವಾದ ಗಾಳಿ ಬೇಕಲ್ಲ. ಮಾಗಡಿ ಪಕ್ಕದ ಊರಿನಲ್ಲಿ ದೊಡ್ಡಪ್ಪ ರಾಮಲಿಂಗಯ್ಯನ ಹೊಲದಲ್ಲಿ ಕಬ್ಬಿಣದ ಕಂಬ ನೆಡಿಸಿ, ತುದಿಗೆ ಗಾಳಿ ಅಳೆಯುವ ಯಂತ್ರ ಕೂರಿಸಿದ್ದಳು. ಅಳತೆಗಳು ನೇರವಾಗಿ ಬೆಂಗಳೂರಿನ ಅವಳ ಕಂಪ್ಯೂಟರಿಗೆ ಬರುತ್ತಿದ್ದವು. ನಾಲ್ಕು ತಿಂಗಳು ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಲೆಕ್ಕದ ಪ್ರಕಾರ ಅಲ್ಲಿ ಸುಳಿಗಳು ಕುಣಿಯಬೇಕು. ಗಾಳಿ ನೋಡಿದರೆ ಸಾಧು ಹಸುವಿನಂತೆ ನೆಟ್ಟಗೆ ಹೋಗುತ್ತಿತ್ತು. ಆಮೇಲೊಂದು ದಿನ ಇದ್ದಕ್ಕಿದ್ದಂತೆ ಎರಡೂ ತಾಳೆಯಾದವು. ಗೈಡ್ ಬೆನ್ನು ತಟ್ಟಿದರು. ದೆಹಲಿಯ ಸಮ್ಮೇಳನಕ್ಕೆ ವಿಮಾನದಲ್ಲೇ ಕಳಿಸುತ್ತೇನೆ ಎಂದರು. ಪಿಎಚ್‌ಡಿ ಕೈಗೆ ಬಂದಂತೆಯೇ ಸರಿ.

ಪ್ರಬಂಧಕ್ಕೆ ಕಂಬದ ಫೋಟೊ ಬೇಕಾಗಿ ಭಾನುವಾರ ಊರಿಗೆ ಹೋದಳು. ಕಂಬದ ತುದಿಯಲ್ಲಿ, ಯಂತ್ರದ ಮಗ್ಗುಲಲ್ಲೇ, ಕೋರೆಹಲ್ಲಿನ ದೃಷ್ಟಿಬೊಂಬೆಯೊಂದು ದೊಡ್ಡಪ್ಪನ ಹಳೇ ಅಂಗಿ ತೊಟ್ಟು ಪಟಪಟ ಬಡಿದುಕೊಳ್ಳುತ್ತಿತ್ತು.

"ದಾರೀಲಿ ಹೋಗೋರೆಲ್ಲಾ ಈ ಕಂಬಾನೇ ನೋಡೋರು ಕಣವ್ವ," ಎಂದ ರಾಮಲಿಂಗಯ್ಯ, ಹೆಮ್ಮೆಯಿಂದಲೇ. "ನಿನ್ ಕೆಲ್ಸಕ್ಕೆ ಕಣ್ ಬೀಳ್ಬಾರ್ದು ಅಂತ ಯುಗಾದಿ ಅಮಾಸೆ ದಿನ ಏಣಿ ಹಾಕ್ಸಿ ಕಟ್ಟಿಸ್ದೆ."

ಲೆಕ್ಕ ತಾಳೆಯಾಗಲು ಶುರುವಾದದ್ದೂ ಅದೇ ದಿನ. ಐದು ವರ್ಷದ ಅವಳ ಗಣಿತ ಕಂಡುಹಿಡಿದದ್ದು ಆಕಾಶದ ಸುಳಿಯನ್ನಲ್ಲ, ದೊಡ್ಡಪ್ಪನ ಅಂಗಿ ಎಬ್ಬಿಸಿದ ಸುಳಿಯನ್ನು. ರಾಧಾಮಣಿಗೆ ಅಳು ಬಂತು. ಕೆಳಗಿನ ಅರ್ಧ ಕಂಬವನ್ನಷ್ಟೇ ಫೋಟೊ ತೆಗೆದರೆ ಬೊಂಬೆ ಯಾರಿಗೂ ಕಾಣುವುದಿಲ್ಲ. ಬದುವಿನ ಮೇಲೆ ಕೂತು ಅರ್ಧ ಗಂಟೆ ಅದನ್ನೇ ಯೋಚಿಸಿದಳು. ಆದರೆ ನಾಳೆ ಯಾರೋ ಈ ಲೆಕ್ಕ ನಂಬಿ, ಜನರನ್ನು ಕೂರಿಸಿಕೊಂಡು ವಿಮಾನ ಇಳಿಸುತ್ತಾರಲ್ಲ. ಎದ್ದು, ಬೊಂಬೆ ಇಳಿಸಬೇಕು ಎಂದಳು.

"ಬಿಚ್ಬ್ಯಾಡ ಕಣವ್ವ. ಒಳ್ಳೇದಾಗಾಕಿಲ್ಲ," ಎಂದು ದೊಡ್ಡಪ್ಪ ಗೋಗರೆದ. ಅವಳೇ ಏಣಿ ಹತ್ತಿ ಬಿಚ್ಚಿದಳು.

ಗಾಳಿ ಮತ್ತೆ ಸಾಧು ಹಸುವಾಯಿತು. ಗೈಡ್‌ಗೆ ಎಲ್ಲವನ್ನೂ ಹೇಳಿದಾಗ ಅವರು ಕನ್ನಡಕ ಒರೆಸುತ್ತಾ ಕೂತರು. ಪ್ರಬಂಧ ಅಲ್ಲಿಗೇ ನಿಂತಿತು, ದೆಹಲಿಗೆ ಬೇರೊಬ್ಬರು ಹಾರಿದರು. ಹದಿನೈದು ದಿನದ ಮೇಲೆ ದೊಡ್ಡಪ್ಪ ಫೋನ್ ಮಾಡಿ, ವಿಮಾನ ಹತ್ತುವುದು ಯಾವತ್ತು ಎಂದು ಕೇಳಿದ. ಎಲ್ಲ ಕೆಟ್ಟಿತು, ಮೊದಲಿಂದ ಶುರು ಮಾಡಬೇಕು ಎಂದಳು.

"ಯಾವಾಗ್ನಿಂದ ಕೆಡ್ತು ಮಗ?"

"ಬೊಂಬೆ ಬಿಚ್ಚಿದ ದಿನದಿಂದ."

ಆ ಕಡೆ ರಾಮಲಿಂಗಯ್ಯ ಒಂದು ನಿಟ್ಟುಸಿರು ಬಿಟ್ಟ. "ನಾನ್ ಯೋಳ್ನಿಲ್ವಾ?"

ರಾಧಾಮಣಿ ಕಂಪ್ಯೂಟರಿನತ್ತ ತಿರುಗಿ ದಿನಾಂಕಗಳನ್ನು ಇನ್ನೊಮ್ಮೆ ನೋಡಿದಳು. ಅಂಕಿ ಅಂಶಗಳೆಲ್ಲ ದೊಡ್ಡಪ್ಪನ ಪರವಾಗಿಯೇ ಇದ್ದವು.