ವಾರಿಜಳ ಸೂತಕ

“ಕೈ ತೆಗಿ. ನೀರು ಬಿಡುವುದು ಮನೆಯವರು,” ಎಂದು ಸಂಜೀವ ವಾರಿಜಳಿಗೆ ಅಡ್ಡ ನಿಂತ. ಅವಳ ಕೈಯಲ್ಲಿ ಹೆಣದ ಬಾಯಿಗೆ ಬಿಡುವ ತುಳಸಿ ನೀರಿನ ಗಿಂಡಿ ಇತ್ತು.

ಚಾವಡಿಯಲ್ಲಿ ಬಾಳೆ ಎಲೆಯ ಮೇಲೆ ಅವನ ಅಣ್ಣ ತುಕ್ರಪ್ಪ ಮಲಗಿದ್ದ. ನಿನ್ನೆ ಸಂಜೆ ಬಂಟ್ವಾಳದ ಬಾಡಿಗೆ ಕೋಣೆಯಲ್ಲಿ ಬಲೂನಿಗೆ ಗಾಳಿ ತುಂಬಿಸುತ್ತಾ ಎದೆ ಹಿಡಿದುಕೊಂಡವನು ಆಸ್ಪತ್ರೆ ಮುಟ್ಟಲಿಲ್ಲ. ಹೆಣವನ್ನು ಬೆಳ್ತಂಗಡಿಯ ಆಚೆ ಇರುವ ಕುಟುಂಬದ ಮನೆಗೆ ತಂದಿದ್ದರು.

“ಹಾಗಾದ್ರೆ ನಾನು ಯಾರು?” ಎಂದಳು ವಾರಿಜ. “ಇಷ್ಟು ವರ್ಷ ಅವರಿಗೆ ಗಂಜಿ ಬಡಿಸಿದ್ದು ನಿಮ್ಮ ಅಜ್ಜಿಯಾ?”

“ಬಡಿಸಿದವರೆಲ್ಲ ಹೆಂಡತಿ ಆಗುವುದಾದ್ರೆ ಬಿ.ಸಿ. ರೋಡಿನ ಹೋಟೆಲಿನವರಿಗೆಲ್ಲ ಇವತ್ತು ಸೂತಕ.”

ಹಿಂದೆ ಯಾರೋ ನಗು ನುಂಗಿ ಕೆಮ್ಮಿದರು.

“ಅವನು ತಾಳಿ ಕಟ್ಟಿದ್ದಾನಾ? ಇಲ್ಲ. ನಿನಗೆ ಸೂತಕವೂ ಇಲ್ಲ, ನೀರು ಬಿಡ್ಲಿಕ್ಕೂ ಇಲ್ಲ. ಮೂಡುಬಿದಿರೆಯಲ್ಲಿ ತೊಟ್ಟಿಲಿಗೆ ಬಲೂನು ಕಟ್ಟುವ ಕೆಲಸ ಉಂಟಲ್ಲ, ಹೋಗಿ ಅದನ್ನು ಮಾಡು.”

ಸಂಜೀವನ ಹೆಂಡತಿ ಶಶಿಕಲಾ ಅವಳ ಕೈಯಿಂದ ಗಿಂಡಿಯನ್ನು ಮೆಲ್ಲನೆ ಬಿಡಿಸಿಕೊಂಡಳು. ನೆಂಟರು ಒಬ್ಬೊಬ್ಬರಾಗಿ ಬಂದು ನೀರು ಬಿಟ್ಟರು. ವರ್ಷಕ್ಕೊಮ್ಮೆ ಫೋನು ಮಾಡದವರೂ ಬಿಟ್ಟರು.

*

ತುಕ್ರಪ್ಪ ಮೊದಲು ಬಂಟ್ವಾಳ ಪೇಟೆಯ ಒಂದು ಅಂಗಡಿ ಜಗಲಿಯಲ್ಲಿ ಕೂತು ಕೊಡೆ ರಿಪೇರಿ ಮಾಡುತ್ತಿದ್ದ. ಕಟ್ಟಿದ ಬೀಡಿ ಕೊಟ್ಟು ಬರುತ್ತಿದ್ದ ವಾರಿಜ ಕಡ್ಡಿ ಮುರಿದ ಕೊಡೆಯನ್ನು ಅವನ ಮುಂದೆ ಇಟ್ಟಳು. ಮುಂಬಯಿಗೆ ಹೋದ ಅವಳ ಗಂಡ ಸತ್ತ ಸುದ್ದಿಯೂ ಇರಲಿಲ್ಲ, ಬದುಕಿದ ಸುದ್ದಿಯೂ ಇರಲಿಲ್ಲ. ಹಾಗಾಗಿ ತುಕ್ರಪ್ಪನಿಗೂ ಅವಳಿಗೂ ಮದುವೆಯ ಮಾತು ಬರಲಿಲ್ಲ. ಒಲೆ ಒಂದಾಯಿತು, ಅಷ್ಟೆ.

ಜನ ಕೊಡೆ ರಿಪೇರಿ ಮಾಡಿಸುವುದನ್ನು ಬಿಟ್ಟ ಮೇಲೆ, ಸಮಾರಂಭಗಳಿಗೆ ಅಲಂಕಾರ ಮಾಡುವ ಹನೀಫಾ ಇಬ್ಬರನ್ನೂ ಬಲೂನಿನ ಕೆಲಸಕ್ಕೆ ಕರೆದ. ತುಕ್ರಪ್ಪನಿಗೆ ಬಲೂನು ತಿರುಚಿ ನಾಯಿ ಮಾಡಲು ಬರಲಿಲ್ಲ, ಮೊಲ ಮಾಡಲು ಬರಲಿಲ್ಲ. ಉದ್ದ ಬಲೂನು ಅವನ ಕೈಗೆ ಸಿಕ್ಕಿದರೆ ಕೊಡೆಯೇ ಆಗುತ್ತಿತ್ತು.

“ತುದಿವರೆಗೆ ಗಾಳಿ ತುಂಬಿಸ್ಬೇಡ ಮಾರಾಯ್ತಿ. ತಿರುಚುವಾಗ ಗಾಳಿಗೆ ಹೋಗ್ಲಿಕ್ಕೆ ಜಾಗ ಬೇಡ್ವಾ?”

“ನೀವು ಮೊದಲು ಒಂದೇ ಕಡೆಗೆ ತಿರುಚ್ಲಿಕ್ಕೆ ಕಲೀರಿ. ಆ ಕಡೆ ಈ ಕಡೆ ತಿರುಚಿದ್ರೆ ಬಿಚ್ಚಿ ಹೋಗ್ತದೆ.”

ಕಡ್ಡಿಗಳ ಲೆಕ್ಕಾಚಾರ, ಹಿಡಿಯ ಬಾಗು ಅವನದು. ಬೀಡಿಗೆ ನೂಲು ಸುತ್ತಿ ಪಳಗಿದ ಬೆರಳಿನ ಗಂಟು ಅವಳದು. ತೊಟ್ಟಿಲ ಮೇಲೆ ತೂಗುಹಾಕಲು ಬೆಳ್ತಂಗಡಿಯಿಂದ ಮೂಡುಬಿದಿರೆವರೆಗೆ ಜನ ಅವರ ಕೊಡೆಯನ್ನೇ ಕೇಳಿದರು. “ಬಲೂನಿನ ಗಂಡ ಹೆಂಡತಿ ಬಂದ್ರಾ?” ಎಂದು ಬಾಗಿಲಿಗೆ ಬಂದು ಕರೆಯುತ್ತಿದ್ದರು. ಆ ಮನೆಗಳಲ್ಲಿ ಯಾರೂ ತಾಳಿ ಎಲ್ಲಿ ಎಂದು ಕೇಳಿದವರಲ್ಲ.

*

ಹನೀಫಾ ಅಂಗಳದಿಂದ ಫೋನು ಹಿಡಿದುಕೊಂಡು ಬಂದ. ಅವನ ಓಮ್ನಿ ವ್ಯಾನಿನಲ್ಲಿ ತುಕ್ರಪ್ಪ ನಿನ್ನೆ ಅರ್ಧಕ್ಕೆ ಬಿಟ್ಟ ಬಲೂನಿನ ಕೊಡೆ ಹಾಗೆಯೇ ಇತ್ತು.

“ವಾರಿಜಕ್ಕ, ತೊಟ್ಟಿಲಿನವರು. ಮಗುವಿನ ಅಜ್ಜಿ ಮಾತಾಡ್ತಿದ್ದಾರೆ. ತುಕ್ರಪ್ಪಣ್ಣ ಹೋದ ಸುದ್ದಿ ಅವರಿಗೆ ಸಿಕ್ಕಿದೆ. ನಿಮಗೆ ಸೂತಕ ಉಂಟಾ ಅಂತ ಕೇಳ್ತಾರೆ. ಏನು ಹೇಳ್ಲಿ?”

ಉಂಟು ಎಂದರೆ ಹೋಗುವುದು ಇವತ್ತಿನ ಕೆಲಸ ಮಾತ್ರವಲ್ಲ. ಗಂಡ ಸತ್ತವಳು ಕಟ್ಟಿದ ಕೊಡೆಯನ್ನು ತೊಟ್ಟಿಲ ಮೇಲೆ ತೂಗುಹಾಕುವ ಮನೆ ಈ ಸೀಮೆಯಲ್ಲಿ ಇಲ್ಲ. ಇಲ್ಲ ಎಂದರೆ ನಾಳೆಯೂ ಕೆಲಸ ಇರುತ್ತದೆ.

“ಇಲ್ಲ ಅಂತ ಹೇಳು,” ಎಂದ ಸಂಜೀವ. ಈ ಸಲ ದನಿ ಏರಿರಲಿಲ್ಲ. “ನಿನ್ನ ಒಳ್ಳೇದಕ್ಕೇ ಹೇಳುವುದು.”

ವಾರಿಜ ಫೋನು ತೆಗೆದುಕೊಂಡಳು.

“ಉಂಟಮ್ಮ. ಹೋದದ್ದು ನಮ್ಮ ಮನೆಯವರು.”

ಆಚೆಯಿಂದ ಫೋನು ಇಟ್ಟುಬಿಟ್ಟರು.

“ಇನ್ನು ಹೊಟ್ಟೆಗೆ ಏನು ಮಾಡ್ತಿ?” ಎಂದ ಸಂಜೀವ.

“ನೀವು ಬಡಿಸ್ಬೇಡಿ.”

ಹೆಣ ಎತ್ತುವ ಹೊತ್ತಿಗೆ ಅಂಗಳದಲ್ಲಿ ಟಪ್ಪೆಂದು ಒಂದು ಸದ್ದಾಯಿತು. ಆಮೇಲೆ ಇನ್ನೊಂದು, ಅದರ ಹಿಂದೆಯೇ ಮತ್ತೊಂದು.

“ಸಾವಿನ ಮನೆಯಲ್ಲಿ ಯಾರು ಮಾರಾಯ ಪಟಾಕಿ ಬಿಡುವುದು?” ಎಂದು ಮುದುಕರೊಬ್ಬರು ರೇಗಿದರು.

“ಪಟಾಕಿ ಅಲ್ಲ ಅಜ್ಜ, ಕೊಡೆ,” ಎಂದ ಹನೀಫಾ. “ಬಿಸಿಲಿಗೆ ಒಡೀತಾ ಉಂಟು.”

ಗುಡ್ಡದ ಬದಿಯಲ್ಲಿ ಚಿತೆಯ ಹೊಗೆ ಎದ್ದಿತು. ಹೊರಗಿನವರು ಮೀಯುವುದಕ್ಕೆ ಅವರವರ ಮನೆಗೆ ಹೊರಟರು. ಇಲ್ಲಿನ ಬಾವಿಕಟ್ಟೆಯಲ್ಲಿ ಮೀಯುವುದು ಮನೆಯವರು ಮಾತ್ರ. ಗಂಡಸರದ್ದು ಮುಗಿದ ಕೂಡಲೇ ವಾರಿಜ ಎದ್ದಳು. ಸೆರಗು ಬಿಗಿದು, ಹಗ್ಗ ಎಳೆದು, ಕೊಡಪಾನ ತುಂಬ ನೀರನ್ನು ನೆತ್ತಿಗೆ ಸುರಿದುಕೊಂಡಳು. ಮತ್ತೊಂದು ಸೇದಿದಳು. ಜಗಲಿಯಲ್ಲಿ ನಿಂತಿದ್ದ ಸಂಜೀವ ಒಂದು ಮೆಟ್ಟಿಲು ಇಳಿದು ಮತ್ತೆ ಹತ್ತಿದ.

“ನಿಲ್ಲಿ ಅಕ್ಕ, ಒಣಗಿದ ಸೀರೆ ತರ್ತೇನೆ,” ಎಂದು ಶಶಿಕಲಾ ಒಳಗೆ ಓಡಿದಳು. “ಬೊಜ್ಜದ ದಿನ ಸೂತಕ ಕಳೆಯುವ ಊಟಕ್ಕೆ ನೀವು ಬರ್ಲೇಬೇಕು.”

ವಾರಿಜ ನಿಲ್ಲಲಿಲ್ಲ. ಹನೀಫಾ ಓಮ್ನಿಯ ಬಾಗಿಲು ತೆರೆದು ಹಿಡಿದಿದ್ದ, ಅವನನ್ನೂ ದಾಟಿ ನಡೆದಳು. ಆ ಮನೆಗೆ ಅವಳು ಬೊಜ್ಜಕ್ಕೂ ಬರಲಿಲ್ಲ, ಆಮೇಲೂ ಬರಲಿಲ್ಲ.

ಸೀರೆ ಹಿಡಿದು ಶಶಿಕಲಾ ಗೇಟಿಗೆ ಬಂದಾಗ ಮಾರ್ಗ ಖಾಲಿಯಾಗಿತ್ತು. ಬಿಸಿ ಡಾಮರಿನ ಮೇಲೆ ಒದ್ದೆ ಹೆಜ್ಜೆಗಳು ಮಾತ್ರ ಇದ್ದವು. ಹತ್ತಿರದವು ಆಗಲೇ ಒಣಗುತ್ತಿದ್ದವು. ತಿರುವಿನ ಬಳಿಯವು ಇನ್ನೂ ಕಪ್ಪಗಿದ್ದವು.