ಹನ್ನೆರಡು ಗಂಟೆಗೆ ಯಾರ ಕರೆಂಟೋ ಅವರ ತಂತಿ

ಬ್ರೇಕರಕ್ಕನ ಗಂಡನ ಮುಂದಿನ ಎರಡು ಹಲ್ಲು ಉದುರಿದ್ದು ಏಣಿ ಪಾಲು ಮಾಡಿದ ದಿನ. ಉದುರಿಸಿದವನು ಅವಳ ಸ್ವಂತ ಮೈದುನ. ಆಗಷ್ಟೇ ಎರಡಾಗಿ ಒಡೆದಿದ್ದ ಕರೆಂಟ್ ಕಂಪನಿಯ ಸ್ಟೋರ್ ರೂಮಿನಲ್ಲಿ ಹದಿಮೂರು ಏಣಿಗಳಿದ್ದವು. ಪೂರ್ವ ಕಂಪನಿಗೆ ಆರು, ಪಶ್ಚಿಮ ಕಂಪನಿಗೆ ಆರು. ಮಿಕ್ಕ ಒಂದನ್ನು ಪೂರ್ವದ ಅಣ್ಣ ಒಂದು ತುದಿಯಿಂದ ಎಳೆದ, ಪಶ್ಚಿಮದ ತಮ್ಮ ಇನ್ನೊಂದು ತುದಿಯಿಂದ ಎಳೆದ. ಎಳೆದೆಳೆದು ಸಾಕಾಗಿ ತಮ್ಮ ಒಮ್ಮೆ ನೂಕಿದ. ಅಂದಿನಿಂದ ಮನೆಯಲ್ಲಿ ಅಣ್ಣ ತಮ್ಮಂದಿರ ನಡುವೆ ಮಾತಿಲ್ಲ. ಅಣ್ಣನ ಮಾತಿನಲ್ಲಂತೂ ಸ, ಶ, ಷ ಮೂರೂ ಇಲ್ಲ.

ಅವಳನ್ನು ಬ್ರೇಕರಕ್ಕ ಎಂದು ಕರೆಯುತ್ತಿದ್ದುದು ಅವಳು ಏನನ್ನೋ ಮುರಿಯುತ್ತಿದ್ದಳು ಎಂದಲ್ಲ. ಊರಂಚಿನ ಸಬ್‌ಸ್ಟೇಷನ್ನಿನಲ್ಲಿ ಅವಳು ಹತ್ತೊಂಬತ್ತು ವರ್ಷದಿಂದ ಆಪರೇಟರ್. ಬ್ರೇಕರ್ ಎಂಬ ದೊಡ್ಡ ಸ್ವಿಚ್ಚು ಅವಳ ಕೈಯಲ್ಲಿ. ಅವಳು ಹಾಕಿದರೆ ಲೈನಿಗೆ ಜೀವ, ತೆಗೆದರೆ ಅದು ಬಟ್ಟೆ ಒಣಗಿಸುವ ತಂತಿ. ಮುರಿಯುವ ಕೆಲಸವನ್ನೆಲ್ಲ ಕಂಪನಿಯೇ ನೋಡಿಕೊಳ್ಳುತ್ತಿತ್ತು.

ಆ ಕಂಪನಿಯನ್ನು ಕಟ್ಟಿದವನನ್ನು ಎಲ್ಲರೂ ಡೈನಮೋ ಅನ್ನುತ್ತಿದ್ದರು. ಮರ ಕೊಯ್ಯುವ ಮಿಲ್ಲಿನ ಹಿಂದೆ ಒಂದು ಡೈನಮೋ ಇಟ್ಟುಕೊಂಡು ಅರವತ್ತು ಬಲ್ಬು ಉರಿಸುವುದರಿಂದ ಶುರು ಮಾಡಿದ ಮನುಷ್ಯ. ಪಕ್ಕದ ಬೀದಿಯಲ್ಲಿ ಇನ್ನೊಬ್ಬನೂ ಬಲ್ಬು ಉರಿಸುತ್ತಿದ್ದ. ಒಂದು ದಿನ ಅವನ ಎಂಜಿನ್ ಮನೆಯೇ ಉರಿಯಿತು. ಸಮಾಧಾನ ಹೇಳಲು ಹೋದ ಡೈನಮೋ ಅವನ ಕಂಪನಿಯನ್ನೇ ಕೊಂಡುಕೊಂಡು ಬಂದ. ಮೂರನೆಯವನು ಮಾರುವುದಿಲ್ಲ ಅಂದ. ಅವನ ಬಲಗೈ ಬೆರಳುಗಳನ್ನು ಯಾರೋ ಬಾಗಿಲ ಸಂದಿಯಲ್ಲಿಟ್ಟು ಬಾಗಿಲು ಹಾಕಿದರು. ಅವನು ಎಡಗೈಯಲ್ಲಿ ಸಹಿ ಹಾಕಿದ. ಹೀಗೆ ಊರಿಂದೂರಿಗೆ ತಂತಿ ಹಬ್ಬಿತು, ಜೊತೆಗೆ ಗ್ಯಾಸು, ನೀರು, ಟ್ರಾಮುಗಳೂ ಬುಟ್ಟಿಗೆ ಬಿದ್ದವು. ಕೊಂಡ ಕಂಪನಿಗಳ ಮೇಲೆ ಒಂದು ತಾಯಿ ಕಂಪನಿ, ತಾಯಿಯ ಮೇಲೆ ಅಜ್ಜಿ ಕಂಪನಿ, ಅಜ್ಜಿಯ ಮೇಲೆ ಮುತ್ತಜ್ಜಿ. ಕಂಬ ಹತ್ತುವುದು, ಬಿಲ್ಲು ಹಂಚುವುದು, ಶಾಕ್ ಹೊಡೆಸಿಕೊಂಡು ಸಾಯುವುದು ಎಲ್ಲ ಮರಿಮಕ್ಕಳ ಕೆಲಸ. ಮುತ್ತಜ್ಜಿ ಒಂದು ಬಲ್ಬನ್ನೂ ಉರಿಸದೆ ಮೂರು ಹೊತ್ತೂ ಕೂತು ಉಣ್ಣುತ್ತಿದ್ದಳು.

ಇದಕ್ಕೆ ಹೋಲ್ಡಿಂಗ್ ಕಂಪನಿ ಅನ್ನುತ್ತಾರೆ ಎಂದು ಸಾಹೇಬರೊಬ್ಬರು ಬಂದು ವಿವರಿಸಿದಾಗ ಮೈದುನ ಕೈ ಎತ್ತಿ ಕೇಳಿದ್ದ, "ಸಾರ್, ಅದು ಹಿಡ್ಕೊಂಡಿರೋದು ಏನನ್ನ?"

"ನಿನ್ನ ಕುತ್ತಿಗೇನ ಕಣೋ," ಅಂದಿದ್ದ ಮೀಟರ್ ಓದುವ ಅಣ್ಣ. ಆಗ ಅವನಿಗೆ ಹಲ್ಲುಗಳಿದ್ದವು, ಮಾತೂ ಸ್ಪಷ್ಟವಾಗಿತ್ತು.

ಒಂದು ಸೋಮವಾರ ಮುತ್ತಜ್ಜಿ ಹಾಸಿಗೆ ಹಿಡಿದಳು. ಅವಳ ಹೊಟ್ಟೆಯಲ್ಲಿ ಗಾಳಿ ಬಿಟ್ಟು ಬೇರೇನೂ ಇಲ್ಲ ಎಂದು ಗೊತ್ತಾದದ್ದೇ ತಡ, ಷೇರು ಕೊಂಡಿದ್ದ ಜನ ಹೆಡ್ಡಾಫೀಸಿಗೆ ನುಗ್ಗಿ ಡೈನಮೋನ ಟೈ ಹಿಡಿದು ನಾಲ್ಕು ಮಹಡಿ ಎಳೆದುಕೊಂಡು ಇಳಿಸಿದರು. ಒಂದೊಂದು ಮಹಡಿಗೂ ಒಂದೊಂದು ಕಂಪನಿಯ ಹಿತ್ತಾಳೆ ಬೋರ್ಡಿತ್ತು, ಒಂದೊಂದು ಬೋರ್ಡಿಗೂ ಅವನ ತಲೆ ತಾಗಿತು. ಏಳು ದಿನ ಆಸ್ಪತ್ರೆಯಲ್ಲಿ ಮಲಗಿ, ಎಂಟನೆಯ ದಿನ ಅವನು ಜೀವನದಲ್ಲಿ ಮೊದಲ ಬಾರಿಗೆ ಹಿಡಿತ ಬಿಟ್ಟ.

ಸರ್ಕಾರ ಆಯೋಗ ಕೂರಿಸಿತು. ಆಯೋಗ ಪೂರ್ವಾಪರ ಯೋಚಿಸದೆ ಎಲ್ಲವನ್ನೂ ಪೂರ್ವ, ಪಶ್ಚಿಮ ಎಂದು ಸೀಳಿತು. ಏಣಿಗಳು, ಲಾರಿಗಳು, ಜನರು. ಕಂಬದ ಮೇಲೆ ಕೆಲಸ ಮಾಡುವಾಗ ತಂತಿಯನ್ನು ನೆಲಕ್ಕೆ ಕೂಡಿಸಲು ಬಳಸುವ ಅರ್ಥ್ ರಾಡುಗಳು ಪೂರ್ವಕ್ಕೆ ಬಂದವು, ಆ ರಾಡುಗಳ ವೈರುಗಳು ಪಶ್ಚಿಮಕ್ಕೆ ಹೋದವು. ಈ ಊರಿಗೂ ಪಶ್ಚಿಮದ ಊರಿಗೂ ನಡುವಿನ ದೊಡ್ಡ ಲೈನ್ ಮಾತ್ರ ಯಾರ ಪಾಲಿಗೂ ಕೂರಲಿಲ್ಲ. ಅದರ ಈ ತುದಿ ಬ್ರೇಕರಕ್ಕನ ಸ್ಟೇಷನ್ನಿನಲ್ಲಿ, ಪೂರ್ವದಲ್ಲಿ. ಆ ತುದಿ ಪಶ್ಚಿಮದಲ್ಲಿ. ಮೂರು ವಾರ ತಲೆ ಕೆರೆದುಕೊಂಡ ಆಯೋಗ ಕೊನೆಗೆ ಒಂದು ಸಾಲು ಬರೆಯಿತು: ಒಂದನೇ ತಾರೀಖು ಮಧ್ಯಾಹ್ನ ಹನ್ನೆರಡಕ್ಕೆ ಯಾರ ಕರೆಂಟು ಅದರಲ್ಲಿ ಹರಿಯುತ್ತಿರುತ್ತದೋ ಲೈನ್ ಅವರದು.

ಇದನ್ನು ಬರೆದವರು ಎಂದೂ ಕಂಬ ಹತ್ತಿದವರಲ್ಲ.

ಹಿಂದಿನ ದಿನ ಎರಡೂ ಕಂಪನಿಯ ಜನ ಲೈನಿನ ಉದ್ದಕ್ಕೂ ಹೊಡೆದಾಡಿದ್ದರು. ಒಬ್ಬನ ಕಿವಿ ಹರಿದಿತ್ತು, ಮೂವರ ತಲೆ ಒಡೆದಿತ್ತು, ಕಲ್ಲೇಟಿಗೆ ಕಂಬದ ಮೇಲೆ ತಂತಿ ಹೊರುವ ಪಿಂಗಾಣಿ ಬಟ್ಟಲುಗಳು ಪುಡಿಯಾಗಿದ್ದವು. ಒಂದನೇ ತಾರೀಖು ಹತ್ತು ಗಂಟೆಗೆ ಪಶ್ಚಿಮ ಕಂಪನಿ ಅವನ್ನು ಸರಿಮಾಡಲು ತನ್ನ ಲೈನ್‌ಮನ್‌ನನ್ನು ಕಳಿಸಿತು. ಬಂದವನು ಮೈದುನ. ಬಾಗಿಲಲ್ಲೇ ನಿಂತು, ಅತ್ತಿಗೆಯ ಮುಖ ನೋಡದೆ, ಗೋಡೆಯ ಗಡಿಯಾರಕ್ಕೆ ಹೇಳಿದ.

"ಲೈನ್ ಕ್ಲಿಯರ್ ಬೇಕು. ಮೂರನೇ ಕಂಬ."

ಲೈನ್ ಕ್ಲಿಯರ್ ಅಂದರೆ ಒಂದು ಚೀಟಿ, ಒಂದು ಬೀಗ. ಆಪರೇಟರ್ ಬ್ರೇಕರ್ ತೆಗೆದು, ಹಿಡಿಕೆಗೆ ಬೀಗ ಜಡಿದು, ಬೀಗದ ಕೈಯನ್ನು ಕಂಬ ಹತ್ತುವವನಿಗೆ ಕೊಡುತ್ತಾಳೆ. ಅವನು ಇಳಿದು ಬಂದು ತನ್ನ ಕೈಯಾರೆ ವಾಪಸ್ ಕೊಡುವ ತನಕ ಯಾರಪ್ಪ ಬಂದು ಹೇಳಿದರೂ ಆ ಹಿಡಿಕೆ ಅಲ್ಲಾಡುವಂತಿಲ್ಲ. ಬ್ರೇಕರಕ್ಕ ಬೀಗ ಹಾಕಿದಳು, ಚೀಟಿ ಬರೆದಳು.

"ತಿಂಡಿ ಆಯ್ತಾ?" ಅವಳೂ ಗಡಿಯಾರವನ್ನೇ ಕೇಳಿದಳು.

"ಆಯ್ತು." ಎರಡು ಹೆಜ್ಜೆ ಹೋಗಿ ಅವನು ನಿಂತ. "ಅವನ ಹಲ್ಲು ಹೇಗಿದೆ?"

"ಡಬ್ಬೀಲಿದೆ. ಬೇಕಿದ್ರೆ ಒಂದು ಪೂರ್ವಕ್ಕೆ ಇಟ್ಕೊಂಡು ಒಂದು ಪಶ್ಚಿಮಕ್ಕೆ ಕೊಡ್ತೀವಿ."

ಅವನಿಗೆ ನಗು ಬಂತು. ಅದನ್ನು ನುಂಗಿಕೊಂಡು ಹೊರಟುಹೋದ. ಕಿಟಕಿಯಿಂದ ಮೂರನೇ ಕಂಬ ಕಾಣುತ್ತಿತ್ತು. ಬೆಲ್ಟು ಬಿಗಿದುಕೊಂಡು ಅವನು ಹತ್ತುವುದನ್ನು ಅವಳು ನೋಡಿದಳು.

ಹನ್ನೊಂದೂವರೆಗೆ ಪೂರ್ವ ಕಂಪನಿಯ ಮ್ಯಾನೇಜರ್ ಆರು ಜನರೊಂದಿಗೆ ಒಳಗೆ ಬಂದ. ಅವರಲ್ಲಿ ಒಬ್ಬನೂ ಕರೆಂಟಿನ ಕೆಲಸದವನಲ್ಲ ಎಂದು ಅವರ ಚಪ್ಪಲಿಯೇ ಹೇಳುತ್ತಿತ್ತು. ಒಳಗಿನಿಂದ ಹಾಕಿದ್ದ ಗೇಟಿನ ಬೀಗ ಒಡೆದು ಬಂದಿದ್ದರು. ದಪ್ಪ ಕುತ್ತಿಗೆಯವನೊಬ್ಬ ಗೇಟಿನ ಉದ್ದನೆಯ ಸರಪಳಿಯನ್ನು ಮುಷ್ಟಿಗೆ ಸುತ್ತಿಕೊಂಡಿದ್ದ. ಹೊರಗೆ ಪೂರ್ವದ ನೂರಾರು ಜನ, ಘೋಷಣೆ, ತಗಡು ಬಡಿಯುವ ಸದ್ದು.

"ಏನಮ್ಮ, ಲೈನ್ ಹಾಕು."

"ಆಗಲ್ಲ ಸಾರ್. ಕಂಬದ ಮೇಲೆ ಮನುಷ್ಯ ಇದಾನೆ."

"ಯಾರ ಮನುಷ್ಯ?"

"ಪಶ್ಚಿಮದವನು."

"ಹಾಗಾದ್ರೆ ನಮ್ಮ ಲೆಕ್ಕಕ್ಕೆ ಬರಲ್ಲ ಬಿಡು."

"ನನ್ನ ಮೈದುನ ಸಾರ್."

"ಕೈ ಬೀಸಿ ಇಳಿ ಅನ್ನು ಮತ್ತೆ. ಐದು ನಿಮಿಷ ಕೊಡ್ತೀನಿ."

ಅವಳು ಹೊರಗೋಡಿ ಕೂಗಿದಳು. ತಗಡಿನ ಸದ್ದಿನಲ್ಲಿ ಅವಳ ಕೂಗು ಅವಳಿಗೇ ಕೇಳಲಿಲ್ಲ. ಮೈದುನ ಬೆನ್ನು ತಿರುಗಿಸಿಕೊಂಡು ಬಟ್ಟಲು ಕೂರಿಸುತ್ತಿದ್ದ. ಗೇಟಿನಲ್ಲಿ ಜನರ ಗೋಡೆ. ನುಗ್ಗಲು ಹೋದವಳನ್ನು ಯಾರೋ ಜಡೆ ಹಿಡಿದು ಒಳಕ್ಕೆ ಎಸೆದರು.

ಬಿದ್ದವಳು ಎದ್ದು ಹಿಡಿಕೆಗೆ ಬೆನ್ನು ಕೊಟ್ಟು ನಿಂತಳು. ಕೆನ್ನೆಗೆ ಮೊದಲ ಏಟು ಬಿತ್ತು. ಎರಡನೆಯದು ಹೊಟ್ಟೆಗೆ. "ಬೀಗದ ಕೈ ಎಲ್ಲಿ?" ಅಂದರು. "ಕಂಬದ ಮೇಲಿದೆ, ಹತ್ತಿ ಇಸ್ಕೊಳ್ಳಿ" ಅಂದಳು. ಅದಕ್ಕೆ ಮೂರನೆಯದು ಬಿತ್ತು. ತುಟಿಯ ರಕ್ತ ಅಂಗಿಯ ಮೇಲಿನ ಕಂಪನಿ ಬ್ಯಾಡ್ಜಿಗೆ ಇಳಿಯಿತು.

"ಅಕ್ಕ, ಸುಮ್ನೆ ಯಾಕೆ ಏಟು ತಿಂತೀಯ," ಎಂದು ದಪ್ಪ ಕುತ್ತಿಗೆಯವನು ಬಹಳ ಕನಿಕರದಿಂದಲೇ ಸರಪಳಿ ಬೀಸಿದ. ತಡೆಯಲು ಎತ್ತಿದ ಅವಳ ಬಲಗೈ ಮಣಿಕಟ್ಟಿನಲ್ಲಿ ಒಣಕಡ್ಡಿಯ ಹಾಗೆ ಲಟಕ್ಕೆಂದಿತು. ಅವಳು ಕುಸಿದಳು. ಇಬ್ಬರು ಸುತ್ತಿಗೆ ತಂದು ಬೀಗ ಬಡಿಯತೊಡಗಿದರು. ಅದು ಡೈನಮೋನ ಕಾಲದ ಬೀಗ, ಅವನ ಹಾಗೆಯೇ ಸುಲಭಕ್ಕೆ ಬಿಡುವ ಜಾತಿಯದಲ್ಲ.

"ಬೇಗ ಬೇಗ!" ಮ್ಯಾನೇಜರ್ ಗಡಿಯಾರ ನೋಡಿ ಕುಣಿದಾಡಿದ. "ಆ ಕಡೆಯೋರು ಮೊದಲು ಹಾಕಿಬಿಟ್ರೆ ಲೈನ್ ಹೋಯ್ತು!"

ನೆಲದ ಮೇಲಿದ್ದ ಬ್ರೇಕರಕ್ಕನಿಗೆ ಕೈಯ ನೋವೇ ಮರೆತುಹೋಯಿತು.

ಆ ಕಡೆ.

ಹತ್ತೊಂಬತ್ತು ವರ್ಷ ಈ ಕಡೆ ಲೈನ್ ಕ್ಲಿಯರ್ ಕೊಟ್ಟರೆ ಸಾಕಿತ್ತು. ಅವಳೇ ಫೋನ್ ಎತ್ತಿ ಆ ಕಡೆಯ ಆಪರೇಟರಿಗೆ "ನಿಮ್ಮದೂ ತೆಗೀರಿ ಅಣ್ಣ" ಅನ್ನುತ್ತಿದ್ದಳು, ಆ ತುದಿಗೂ ಬೀಗ ಬೀಳುತ್ತಿತ್ತು. ಈಗ ಎರಡು ಕಂಪನಿ. ಅವರಿಗೆ ಫೋನ್ ಮಾಡಕೂಡದು ಎಂದು ಮೇಲಿನಿಂದ ಆರ್ಡರ್ ಬಂದಿತ್ತು. ಮೈದುನ ಪಶ್ಚಿಮದವನಲ್ಲವೇ, ತನ್ನ ಕಂಪನಿಯಲ್ಲಿ ತಾನೇ ಹೇಳಿ ಬಂದಿರುತ್ತಾನೆ ಎಂದು ಅವಳು ಅಂದುಕೊಂಡಿದ್ದಳು. ಅತ್ತಿಗೆ ಎಂದಿನಂತೆ ಹೇಳುತ್ತಾಳೆ ಎಂದು ಅವನು ಅಂದುಕೊಂಡಿದ್ದರೆ?

ಎಡಗೈಯಲ್ಲಿ ಫೋನ್ ಎಳೆದುಕೊಂಡಳು.

"ಅಣ್ಣ, ನಿಮ್ಮ ಹತ್ರ ಲೈನ್ ಕ್ಲಿಯರ್ ಯಾರಾದ್ರೂ ತಗೊಂಡಿದಾರಾ?"

"ಇಲ್ವಲ್ಲಮ್ಮ." ಅವಳು ಎಂದೂ ಮುಖ ನೋಡದ ಆ ಆಪರೇಟರ್ ಪಿಸುಗುಟ್ಟಿದ. "ಹನ್ನೆರಡಕ್ಕೆ ಹಾಕ್ಸೋಕೆ ಅಂತ ಇಲ್ಲಿ ನನ್ನ ಕುತ್ತಿಗೆ ಮೇಲೆ ರಾಡ್ ಇಟ್ಕೊಂಡು..."

"ಹಾಕ್ಬೇಡಿ! ಮೂರನೇ ಕಂಬದಲ್ಲಿ ನನ್ನ ಮೈದುನ..."

ಆ ತುದಿಯಲ್ಲಿ ಧಡ್ ಎಂದು ಸದ್ದಾಯಿತು. ಮನುಷ್ಯ ಮೇಜಿನ ಮೇಲೆ ಬೀಳುವ ಸದ್ದು. ಈ ತುದಿಯಲ್ಲಿ ಮ್ಯಾನೇಜರ್ ಫೋನಿನ ವೈರು ಕಿತ್ತ.

ಹನ್ನೆರಡಕ್ಕೆ ನಾಲ್ಕು ನಿಮಿಷ. ಈಗ ಈ ಹಿಡಿಕೆಗೆ ಅವಳು ಬೆನ್ನು ಕೊಟ್ಟರೂ ಒಂದೇ, ಬಿಟ್ಟರೂ ಒಂದೇ. ಸಾವು ಆ ಕಡೆಯಿಂದ ಬರುತ್ತಿತ್ತು. ಬರುವ ಕರೆಂಟನ್ನು ನೆಲಕ್ಕೆ ಎಳೆದರೆ ಮಾತ್ರ ಮೈದುನ ಉಳಿಯುತ್ತಾನೆ. ನೆಲಕ್ಕೆ ಎಳೆಯುವ ರಾಡು ಇದೆ, ವೈರಿಲ್ಲ.

ದಪ್ಪ ಕುತ್ತಿಗೆಯವನು ಸುತ್ತಿಗೆಯವರಿಗೆ ಬುದ್ಧಿ ಹೇಳುತ್ತಿದ್ದ, ಸರಪಳಿ ಅವನ ಕೈಯಿಂದ ಸಡಿಲವಾಗಿ ಇಳಿಬಿದ್ದಿತ್ತು. ಬ್ರೇಕರಕ್ಕ ಅವನ ಮುಂಗೈಗೆ ಬಾಯಿ ಹಾಕಿ ಹಲ್ಲು ಎಲುಬಿಗೆ ತಾಗುವ ತನಕ ಕಚ್ಚಿದಳು. ಅವನು ಅರಚಿ ಕೈ ಬಿಟ್ಟ. ಸರಪಳಿ ಎಳೆದುಕೊಂಡು ಅವಳು ಹಿಂದಿನ ಬಾಗಿಲಿನಿಂದ ಅಂಗಳಕ್ಕೆ ಓಡಿದಳು. ಲೈನಿನ ಮೂರು ತಂತಿಗಳು ಅಲ್ಲಿ ಕಬ್ಬಿಣದ ಚೌಕಟ್ಟಿನಿಂದ ತಗ್ಗಿನಲ್ಲೇ ಹೊರಡುತ್ತವೆ. ಸರಪಳಿಯ ಒಂದು ತುದಿಯನ್ನು ನೆಲದಲ್ಲಿ ಹೂತ ಚೌಕಟ್ಟಿನ ಕಾಲಿಗೆ ಸುತ್ತಿ, ಮುರಿದ ಕೈಯ ಮೊಣಕೈಯಿಂದ ಒತ್ತಿ ಹಿಡಿದು ಕೊಕ್ಕೆ ಸಿಕ್ಕಿಸಿದಳು. ನೋವಿಗೆ ಕಣ್ಣು ಕತ್ತಲಿಟ್ಟಿತು. ಇನ್ನೊಂದು ತುದಿಯನ್ನು ಎಡಗೈಯಲ್ಲಿ ಬೀಸಿ ಎಸೆದಳು. ಅದು ತಂತಿ ಮುಟ್ಟದೆ ಅವಳ ಹೆಗಲ ಮೇಲೆಯೇ ಬಂದು ಬಿತ್ತು.

"ಹಿಡೀರಿ ಅವಳನ್ನ!"

ಎರಡನೇ ಸಲ ಎಸೆದಳು. ಸರಪಳಿ ಹಾವಿನ ಹಾಗೆ ಮೂರು ತಂತಿಗಳ ಮೇಲೂ ಅಡ್ಡ ಮಲಗಿತು. ಅವಳು ಹಿಂದಕ್ಕೆ ಉರುಳಿದಳು. ಓಡಿ ಬಂದ ದಪ್ಪ ಕುತ್ತಿಗೆಯವನು ತನ್ನ ಸೊತ್ತು ವಾಪಸ್ ಪಡೆಯುವವನಂತೆ ಸರಪಳಿಗೆ ಕೈ ಚಾಚಿದ.

"ಮುಟ್ಬೇಡ್ವೋ, ಸಾಯ್ತೀಯ!"

ಪಶ್ಚಿಮದವರ ಗಡಿಯಾರ ಒಂದು ನಿಮಿಷ ಮುಂದಿತ್ತು.

ಸದ್ದು ಕಿವಿಗಿಂತ ಮೊದಲು ಎದೆಗೆ ಬಡಿಯಿತು. ನೀಲಿ ಬೆಂಕಿಯ ಉಂಡೆಯೊಂದು ಅಂಗಳದಲ್ಲಿ ಅರಳಿತು. ಸರಪಳಿ ಕೆಂಪಾಗಿ, ಬೆಳ್ಳಗಾಗಿ, ತುಂಡು ತುಂಡಾಗಿ ಹಾರಿತು. ದಪ್ಪ ಕುತ್ತಿಗೆಯವನು ಎರಡು ಮಾರು ದೂರ ಬಿದ್ದು ಹೊರಳಾಡಿದ. ಅವನ ಅಂಗೈಯ ಚರ್ಮ ಕೈಗವಸಿನ ಹಾಗೆ ಸುಲಿದು ಬಂದಿತ್ತು, ಹುಬ್ಬುಗಳಿರಲಿಲ್ಲ. ಆ ತುದಿಯ ಬ್ರೇಕರ್ ತಾನಾಗಿ ಬಿದ್ದು ಲೈನ್ ಮತ್ತೆ ಸತ್ತಿತು. ಹೊರಗಿನ ತಗಡುಗಳು ನಿಂತವು, ಒಳಗಿನ ಸುತ್ತಿಗೆಗಳೂ ನಿಂತವು; ಬೀಗ ಇನ್ನೂ ಬಿಟ್ಟಿರಲಿಲ್ಲ.

ಬ್ರೇಕರಕ್ಕ ಮೂರನೇ ಕಂಬದ ಕಡೆ ನೋಡಿದಳು. ಮೈದುನ ಬೆಲ್ಟಿನಲ್ಲಿ ತಲೆಕೆಳಗಾಗಿ ಜೋತಾಡುತ್ತಿದ್ದ. ಆಮೇಲೆ ಅವನ ಒಂದು ಕೈ ಮೇಲೆದ್ದು ಕಂಬವನ್ನು ತಬ್ಬಿಕೊಂಡಿತು.

ಅವನು ಇಳಿದು, ಜನರನ್ನು ಮೊಣಕೈಯಿಂದ ತಿವಿದು, ಅಂಗಳಕ್ಕೆ ಬಂದಾಗ, ಯಾರ ಕರೆಂಟೆಂದು ನೋಡಲು ಬಂದಿದ್ದ ಆಯೋಗದ ವೀಕ್ಷಕ ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದ. ಹನ್ನೆರಡಕ್ಕೆ ಲೈನಿನಲ್ಲಿ ಯಾರ ಕರೆಂಟೂ ಇರಲಿಲ್ಲ. "ಹಾಗಾದ್ರೆ ಲೈನ್ ಯಾರದು?" ಎಂದು ಮ್ಯಾನೇಜರ್ ಅವನ ಕಾಲರ್ ಹಿಡಿದಿದ್ದ.

ಮೈದುನ ಅತ್ತಿಗೆಯ ಪಕ್ಕದಲ್ಲಿ ಕುಕ್ಕರಿಸಿದ. ಅವನ ಬೆರಳುಗಳು ಇನ್ನೂ ಜುಮ್ಮೆನ್ನುತ್ತಿದ್ದವು.

"ಯಾರು ಹಾಕಿದ್ದು?"

"ನಿಮ್ಮೋರೇ. ನೀನು ಅಲ್ಲಿ ಲೈನ್ ಕ್ಲಿಯರ್ ತಗೊಂಡಿರಲಿಲ್ಲ."

ಅವನು ತಲೆಯ ಮೇಲಿನ ತಂತಿಯನ್ನು ನೋಡಿದ. ಅದು ಹೋಗುವ ದಿಕ್ಕನ್ನು ನೋಡಿದ.

"ಒಂದೇ ಲೈನ್ ಅಲ್ವಾ ಅತ್ತಿಗೆ," ಅಂದ. "ಒಂದೇ ಅಂತ ಅನ್ಕೊಂಡೆ."

"ನಾನೂ ಹಾಗೇ ಅನ್ಕೊಂಡೆ ಕಣೋ."

ಅವನ ಕಣ್ಣು ಅವಳ ಜೋತುಬಿದ್ದ ಮಣಿಕಟ್ಟಿಗೆ, ಒಡೆದ ತುಟಿಗೆ ಬಿತ್ತು. ಆಚೆ ಗೇಟಿನಲ್ಲಿ ಪಶ್ಚಿಮದವರ ಲಾರಿ ಬಂದು ನಿಂತಿತ್ತು, ಹೊಡೆದಾಟ ಮತ್ತೆ ಶುರುವಾಗಿತ್ತು. ಯಾರದೋ ತಲೆ ಲಾರಿಯ ಬಾಗಿಲಿಗೆ ಬಡಿದ ಸದ್ದು ಕೇಳಿತು. ಮೈದುನ ಸೊಂಟದಿಂದ ದೊಡ್ಡ ಸ್ಪ್ಯಾನರ್ ಎಳೆದುಕೊಂಡು ಎದ್ದ.

"ಯಾವ ಕಡೆಯೋರನ್ನ ಹೊಡೀತೀಯ?" ಅಂದಳು ಬ್ರೇಕರಕ್ಕ.

ಅವನು ಈ ಕಡೆ ನೋಡಿದ, ಆ ಕಡೆ ನೋಡಿದ. ಎರಡು ಕಡೆಯೂ ಹತ್ತೊಂಬತ್ತು ವರ್ಷ ಜೊತೆಗೆ ಕಂಬ ಹತ್ತಿದವರ ಮುಖಗಳಿದ್ದವು, ರಕ್ತ ಮೆತ್ತಿಕೊಂಡಿದ್ದರಿಂದ ಗುರುತು ಹಿಡಿಯುವುದು ಕಷ್ಟವಾಗುತ್ತಿತ್ತು. ಅವನು ಸ್ಪ್ಯಾನರನ್ನು ನೆಲಕ್ಕೆ ಹಾಕಲಿಲ್ಲ, ಎತ್ತಲೂ ಇಲ್ಲ. ಅವಳು ಎಡಗೈಯಿಂದ ಅವನ ಬೆಲ್ಟು ಹಿಡಿದು ಜಗ್ಗಿದಳು.

"ಕೂತ್ಕೋ ಮೊದಲು. ನನಗೆ ತಲೆ ಸುತ್ತುತಾ ಇದೆ."

ಅವನು ಕೂತ. ಅವಳು ಅವನ ಹೆಗಲಿಗೆ ಒರಗಿ ಕಣ್ಣು ಮುಚ್ಚಿದಳು. ಗೇಟಿನ ಕಡೆಯಿಂದ ಒಂದು ಕಲ್ಲು ಹಾರಿ ಬಂದು ಅವರ ಪಕ್ಕದಲ್ಲಿ ಬಿತ್ತು. ಮೈದುನ ಬೆನ್ನನ್ನು ಆ ಕಡೆಗೆ ತಿರುಗಿಸಿ ಅವಳಿಗೆ ಅಡ್ಡವಾಗಿ ಕೂತುಕೊಂಡ. ಎರಡನೆಯ ಕಲ್ಲು ಅವನಿಗೆ ಬಿತ್ತು.