ಮುಂದಿನ ಗಾಲಿ ಗೊರಗೊರ ಅಂದರೆ

ಎತ್ತಿನ ಗಾಡಿಯ ಚಕ್ರ ಕಿರುಗುಟ್ಟಿದರೆ ಕೀಲೆಣ್ಣೆ ಹಾಕಬೇಕು ಎಂದು ನಮಗೆಲ್ಲ ಗೊತ್ತು. ಕಾರಿನ ಗಾಲಿ ಸದ್ದು ಮಾಡಿದರೆ ಮಾತ್ರ ರಸ್ತೆಯನ್ನು ಬೈಯುತ್ತೇವೆ. ಚಿಕ್ಕರಸಿನಕೆರೆಯ ಚಿಕ್ಕಬೋರಯ್ಯನೂ ಒಂದು ತಿಂಗಳಿಂದ ರಸ್ತೆಯನ್ನೇ ಬೈಯುತ್ತಿದ್ದ.

ಬೋರಯ್ಯ ಕಬ್ಬು ಬೆಳೆಯುವವನು. ಒಳ್ಳೆಯವನು, ಸ್ವಲ್ಪ ಮೊಂಡ. ಎರಡು ವರ್ಷದ ಹಿಂದೆ ಒಂದು ಹಳೆಯ ಬಿಳಿ ಕಾರು ಕೊಂಡು, ಅದನ್ನು ಮನೆಯ ಎತ್ತಿನಂತೆಯೇ ಸಾಕುತ್ತಿದ್ದ. ಎಲ್ಲಿಗಾದರೂ ಹೋಗಿ ಬಂದ ಕೂಡಲೇ “ಪಾಪ, ದಣಿದದೆ” ಎಂದು ನೇರವಾಗಿ ನಾಲೆಗೆ ಇಳಿಸುತ್ತಿದ್ದ. ದನ ಇಳಿಯುವ ಜಾಗದಲ್ಲಿ ಗಾಲಿ ಅರ್ಧ ಮುಳುಗುವಷ್ಟು ನೀರಲ್ಲಿ ನಿಲ್ಲಿಸಿ, ಹುಲ್ಲಿನ ಹಿಡಿಯಿಂದ ಉಜ್ಜಿ ಉಜ್ಜಿ ಮೈ ತೊಳೆಯುತ್ತಿದ್ದ. ಕೊಂಬಿದ್ದಿದ್ದರೆ ಅದಕ್ಕೂ ಬಣ್ಣ ಹಚ್ಚುತ್ತಿದ್ದನೇನೋ! ಊರವರು ನಗುತ್ತಿದ್ದರು. ನನಗೇನೋ ಅವನ ಪ್ರೀತಿ ಕಂಡರೆ ಸಂತೋಷವೇ. ಆದರೆ ಪ್ರೀತಿಯೊಂದೇ ಸಾಲದು, ತಿಳಿವಳಿಕೆಯೂ ಬೇಕು.

ಬೋರಯ್ಯನ ಮಾವ, ಅಂದರೆ ಹೆಂಡತಿ ಪಟ್ಟಲಮ್ಮನ ತಂದೆ ಮುದ್ದಯ್ಯನಿಗೆ ಮಂಡ್ಯದಲ್ಲಿ ಕಣ್ಣಿನ ಪೊರೆ ತೆಗೆದಿದ್ದರು. ಗಂಡ ಹೆಂಡತಿ ಬೆಳಿಗ್ಗೆ ಕಾರಿನಲ್ಲಿ ಹೋಗಿ ನೋಡಿದಾಗ ಡಾಕ್ಟರು ಹೇಳಿದರು: “ನಾಳೆ ಮನೆಗೆ ಕರೆದುಕೊಂಡು ಹೋಗಿ. ಬಸ್ಸಿನ ನೂಕುನುಗ್ಗಲು ಬೇಡ. ತಲೆಗೆ ಒಂದು ಪೆಟ್ಟು ಬಿದ್ದರೂ ಕಣ್ಣು ಹೋದೀತು, ಹುಷಾರು.”

“ನಮ್ದೇ ಕಾರದೆ ಬುಡಿ ಸಾರ್” ಎಂದು ಬೋರಯ್ಯ ಎದೆ ಉಬ್ಬಿಸಿದ.

ವಾಪಸು ಬರುವಾಗ ಗಾಡಿ ಸ್ವಲ್ಪ ಜೋರಾಗಿ ಓಡಿದ್ದೇ ತಡ, ಮುಂದಿನಿಂದ ಗೊರಗೊರ ಸದ್ದು ಶುರುವಾಯಿತು.

“ಕೇಳುಸ್ತಾ ನಿಮ್ಗೆ?” ಎಂದಳು ಪಟ್ಟಲಮ್ಮ.

“ರೋಡು ಕಣಮ್ಮಿ. ಜಲ್ಲಿ ಕಿತ್ತೋಗದೆ.”

“ಇಲ್ಲಿ ರೋಡು ಚೆಂದಾಗೇ ಅದಲ್ಲ. ಜೋರಾಗ್ ಓದ್ರೆ ಜೋರಾಯ್ತದೆ, ಮೆಲ್ಲಗ್ ಓದ್ರೆ ಮೆಲ್ಲಗಾಯ್ತದೆ. ರಾಗಿ ಇಲ್ದೆ ಬೀಸೋಕಲ್ಲು ತಿರುಗ್ಸುದ್ರೆ ಇಂಗೇ ಅನ್ನದು.”

“ಬೀಸೋಕಲ್ಲಿನೋಳು ಕಾರಿನ ಮಾತ್ ಆಡ್ಬ್ಯಾಡ. ಸುಮ್ಕಿರು.”

“ಮದ್ದೂರಲ್ಲಿ ಪಾಸಣ್ಣನ್ ತಾವ ನಿಲ್ಸುದ್ರೆ ಸರಿ. ಇಲ್ದಿದ್ರೆ ನಾನ್ ಇಳ್ದು ನಡ್ಕಂಡೇ ಓಯ್ತೀನಿ” ಎಂದಳು. ನಡೆದುಕೊಂಡು ಹೋಗುವವಳೇ ಅವಳು. ಬೋರಯ್ಯ ನಿಲ್ಲಿಸಿದ.

ಮದ್ದೂರಿನ ಮೆಕ್ಯಾನಿಕ್ ಅಕ್ರಂ ಪಾಷಾ, ಬೋರಯ್ಯನ ಜೊತೆ ಮಿಡ್ಲ್ ಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತವನು. ಬೈಗುಳವಿಲ್ಲದೆ ಅವರಿಬ್ಬರಿಗೂ ಮಾತು ಹೊರಡುವುದಿಲ್ಲ.

“ಏನ್ಲಾ ಬೋರ, ನಿನ್ನೆತ್ತು ಏನಂತದೆ?”

“ಎತ್ತು ಚೆನ್ನಾಗದೆ ಕಣ್ಲಾ. ಇವಳ್ ಕಿವೀನೇ ಸರಿ ಇಲ್ಲ.”

ಪಾಷಾ ಇಬ್ಬರನ್ನೂ ಕೂರಿಸಿಕೊಂಡು ತಾನೇ ಕಾರು ಓಡಿಸಿದ. ಖಾಲಿ ರಸ್ತೆಯಲ್ಲಿ ಕ್ಲಚ್ಚು ತುಳಿದು ಗಾಡಿಯನ್ನು ಹಾಗೇ ಹರಿಯಲು ಬಿಟ್ಟ. ಸದ್ದು ನಿಲ್ಲಲಿಲ್ಲ. “ಇಂಜಿನ್ನಿಂದಲ್ಲ” ಎಂದ. ಬಲಕ್ಕೆ ತಿರುಗಿಸಿದಾಗ ಗೊರಗೊರ ಜಾಸ್ತಿಯಾಯಿತು, ಎಡಕ್ಕೆ ತಿರುಗಿಸಿದಾಗ ಕಡಿಮೆಯಾಯಿತು.

“ಬಲಕ್ ತಿರುಗುದ್ರೆ ಭಾರ ಎಲ್ಲಾ ಎಡಗಡೆ ಗಾಲಿ ಮ್ಯಾಲೆ ಬೀಳ್ತದೆ. ಆಗ್ಲೇ ಜಾಸ್ತಿ ಕೂಗ್ತದೆ ಅಂದ್ರೆ ಕಳ್ಳ ಎಡಗಡೆ ಅವ್ನೆ.”

ಶೆಡ್ಡಿಗೆ ಬಂದು ಗಾಲಿಯ ನಡುವಿನ ಗುಂಬದ ಹತ್ತಿರ ಕೈ ಹಿಡಿದು ನೋಡಿದ. ಬಲಗಡೆ ಬೆಚ್ಚಗಿತ್ತು. ಎಡಗಡೆ ಸುಡುತ್ತಿತ್ತು.

ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಎಡ ಮುಂಗಾಲಿಯನ್ನು ಜಾಕಿಯಲ್ಲಿ ಎತ್ತಿ, ಕೆಳಗೆ ಮರದ ದಿಮ್ಮಿಯನ್ನೂ ಇಟ್ಟ. “ಜಾಕಿ ಒಂದನ್ನೇ ನಂಬ್ಕಂಡು ಕೆಲ್ಸ ಮಾಡ್ಬಾರ್ದು. ಅಕ್ಕ, ನೀನೇ ಬಾ. ಒಂದ್ ಕೈ ಮ್ಯಾಲೆ, ಒಂದ್ ಕೈ ಕೆಳಗೆ ಇಟ್ಟು ಅಲ್ಲಾಡ್ಸು.”

ಪಟ್ಟಲಮ್ಮ ಸೆರಗು ಸಿಕ್ಕಿಸಿ ಗಾಲಿ ಹಿಡಿದಳು. ಕಟಕ್, ಕಟಕ್. ಗಾಲಿ ಅಲ್ಲಾಡಿತು.

“ಬೋರ, ಬ್ರೇಕ್ ತುಳ್ಕಂಡಿರು. ಅಕ್ಕ, ಈಗ್ ಅಲ್ಲಾಡ್ಸು.” ಗಾಲಿ ಗಟ್ಟಿಯಾಗಿ ನಿಂತಿತು. “ಬ್ರೇಕ್ ತುಳುದ್ರೆ ನಿಂತೋಯ್ತು, ಅಂದ್ರೆ ಬೇರಿಂಗೇ. ಆಗ್ಲೂ ಅಲ್ಲಾಡುದ್ರೆ ಸ್ಟೇರಿಂಗ್ ಕಡೆ ಕೀಲು ನೋಡ್ಬೇಕಾಯ್ತಿತ್ತು.”

ಗಾಲಿ ಬಿಚ್ಚಿ ಗುಂಬ ಎಳೆದಾಗ ಒಳಗಿನ ಗ್ರೀಸು ನೀರು ಸೇರಿ ಮಜ್ಜಿಗೆಯಂತಾಗಿತ್ತು. ಬೇರಿಂಗಿನ ಗುಂಡುಗಳಿಗೆ ತುಕ್ಕು ಹಿಡಿದು, ಸಿಡುಬಿನ ಕಲೆಯಂತೆ ಗುಳಿ ಬಿದ್ದಿದ್ದವು.

“ಇಷ್ಟು ನೀರು ಎಲ್ಲಿಂದ್ ಬಂತ್ಲಾ?”

ಬೋರಯ್ಯ ಆಕಾಶ ನೋಡಿದ. ಪಟ್ಟಲಮ್ಮನೇ ಹೇಳಿದಳು: “ನಾಲೆಯಿಂದ. ದಿನಾ ಸ್ನಾನ ಆಯ್ತದಲ್ಲ!”

ಪಾಷಾ ಹೊಟ್ಟೆ ಹಿಡಿದು ನಕ್ಕ. ಆಮೇಲೆ ಬಿಡಿಸಿ ಹೇಳಿದ: “ಓಡಿ ಬಂದ ಗಾಡಿ ಗುಂಬ ಬಿಸಿಯಾಗಿರ್ತದೆ. ಆಗ ತಣ್ಣೀರಿಗೆ ಇಳ್ಸುದ್ರೆ ಒಳಗಿನ್ ಗಾಳಿ ಕುಗ್ಗಿ, ಸೀಲಿನ ಸಂದಿಯಿಂದ ನೀರ್ನ ಒಳಕ್ ಎಳ್ಕತದೆ. ಎತ್ತಿಗೆ ಅದು ಸುಖ ಕಣ್ಲಾ, ಬೇರಿಂಗ್ಗೆ ವಿಷ.”

ಬೋರಯ್ಯನ ಮುಖ ಸಣ್ಣದಾಯಿತು. ಆದರೂ ಮೊಂಡುತನ ಬಿಡಲಿಲ್ಲ. “ಆಯ್ತು ಬುಡು. ಒಂದಿಷ್ಟು ಕೀಲೆಣ್ಣೆ ತುಂಬಿ ಮುಚ್ಚು. ನಾಳೆ ಮಾವನ್ನ ಕರ್ಕಂಡ್ ಬಂದ್ಬುಡ್ತೀನಿ, ಆಮ್ಯಾಕೆ ನಿಧಾನ್ವಾಗ್ ನೋಡಾನ.”

ಪಾಷಾನ ನಗು ನಿಂತುಹೋಯಿತು. “ಕೀಲೆಣ್ಣೆ ಎತ್ತಿನ್ ನಡಿಗೆಗೆ ಸರಿ. ಕಾರಿನ್ ಓಟಕ್ಕೆ ಅದು ಕರಗಿ ಸೋರೋಯ್ತದೆ. ಈ ಬೇರಿಂಗು ಇವತ್ತೇ ಪುಡಿಯಾದೀತು, ವಾರ ಬಿಟ್ಟೂ ಆದೀತು, ನಂಗೊತ್ತಿಲ್ಲ. ಆದಾಗ ಗಾಲಿ ಕಚ್ಕಂಡು ಗಾಡಿ ಪಕ್ಕಕ್ ಎಳೀತದೆ. ಕಿತ್ಕಂಡು ಓದ್ರೂ ಓಯ್ತದೆ. ಕಣ್ಗೆ ಬಟ್ಟೆ ಕಟ್ಟಿರೋ ಮುದುಕಪ್ಪ ಯಾವ್ದನ್ನ ಇಡ್ಕಂತಾನ್ಲಾ?”

ಪಟ್ಟಲಮ್ಮ ಗಂಡನ ಪಕ್ಕಕ್ಕೆ ಬಂದು ನಿಂತಳು. ಅವಳ ದನಿ ಮೆತ್ತಗಾಗಿತ್ತು. “ನಿಮ್ ಕಾರ್ನ ನಾನ್ ಬೈತಿಲ್ಲ. ನಮ್ಮಪ್ಪಂಗೆ ಇರದು ಅದೊಂದೇ ಕಣ್ಣು. ಇನ್ನೊಂದು ಆಗ್ಲೇ ಓಗದೆ.”

ಬೋರಯ್ಯ ಆ ತುಕ್ಕು ಹಿಡಿದ ಬೇರಿಂಗನ್ನು ಕೈಯಲ್ಲಿ ಹಿಡಿದು ತಿರುಗಿಸಿದ. ಅದು ಗರಗರ ಎಂದು ಕಚ್ಚಿ ಕಚ್ಚಿ ತಿರುಗಿತು. “ಬೇರಿಂಗ್ ತರಕ್ಕೆ ಮಂಡ್ಯದ್ ಬಸ್ಸು ಎಷ್ಟೊತ್ಗೆ?” ಎಂದು ಕೇಳಿದ.

“ಹಳೇದ್ನೇ ಅಂಗ್ಡೀಲಿ ತೋರ್ಸು, ನಂಬರ್ ನೋಡಿ ಅದ್ನೇ ತತ್ತಾ. ಒಳಗಿಂದೊಂದು, ಹೊರಗಿಂದೊಂದು ಬೇರಿಂಗು. ಎರಡೂ ಗಾಲಿಗೆ ಎಣ್ಣೆ ಸೀಲು, ಸ್ಪ್ಲಿಟ್ ಪಿನ್ನು ಹೊಸವೇ ಬೇಕು” ಎಂದು ಪಾಷಾ ಹೇಳಿ ಕಳಿಸಿದ.

ಮಧ್ಯಾಹ್ನದ ಹೊತ್ತಿಗೆ ಬೋರಯ್ಯ ಎಲ್ಲವನ್ನೂ ತಂದ. ಪಾಷಾ ಗುಂಬದೊಳಗೆ ಕಚ್ಚಿಕೊಂಡಿದ್ದ ಹಳೆಯ ಬೇರಿಂಗಿನ ಹೊರಬಳೆಗಳನ್ನೂ ತಟ್ಟಿ ತೆಗೆದ. ಹೊಸ ಬೇರಿಂಗನ್ನು ಹಳೆಯ ಬಳೆಯಲ್ಲಿ ಕೂರಿಸಿದರೆ ಅದೂ ಬೇಗ ಕೆಡುತ್ತದೆ. ಗುಂಬವನ್ನು ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ, ಹೊಸ ಬಳೆಗಳನ್ನು ಕೂರಿಸಿ, ಗುಂಡುಗಳ ಸಂದಿಗೆಲ್ಲ ಬೇರಿಂಗ್ ಗ್ರೀಸನ್ನು ಅಂಗೈಯಿಂದ ಒತ್ತಿ ತುಂಬಿದ. ನಟ್ಟು ಬಿಗಿಯುವಾಗ ಗಾಲಿಯನ್ನು ತಿರುಗಿಸುತ್ತಲೇ ಇದ್ದ. ಗಾಲಿ ಸರಾಗವಾಗಿ ತಿರುಗಬೇಕು, ಅಲ್ಲಾಡಬಾರದು, ಅಷ್ಟೇ ಬಿಗಿ. ಕೊನೆಗೆ ನಟ್ಟು ಸಡಿಲವಾಗದಂತೆ ಹೊಸ ಪಿನ್ನು ಹಾಕಿ ಮಡಿಸಿದ. ಬಲಗಡೆಯದನ್ನೂ ಬಿಚ್ಚಿ ನೋಡಿದ. ಅಲ್ಲಿ ಗುಂಡುಗಳು ನುಣ್ಣಗಿದ್ದವು, ತೊಳೆದು ಗ್ರೀಸು, ಸೀಲು ಬದಲಾಯಿಸಿದ್ದೇ ಸಾಕಾಯಿತು.

“ನೂರ್ ಮೈಲಿ ಓಡ್ದ್ ಮ್ಯಾಲೆ ಬಾ, ಇನ್ನೊಂದ್ ಸಲ ಅಲ್ಲಾಡ್ಸಿ ನೋಡ್ತೀನಿ. ನಾಲೆ ಸ್ನಾನ ಬಂದ್ ಮಾಡು.”

“ಬಕೀಟ್ನಲ್ಲಿ ತೊಳುದ್ರೆ?”

“ಗಾಲಿ ಆರುದ್ ಮ್ಯಾಲೆ ತೊಳಿ. ಬೆನ್ನು ಬೇಕಾದ್ರೂ ತಿಕ್ಕು ಓಗ್ಲಾ.”

ಮರುದಿನ ಬೆಳಿಗ್ಗೆ ಮಂಡ್ಯದಿಂದ ಹೊರಟಾಗ ಮುದ್ದಯ್ಯ ಹಿಂದಿನ ಸೀಟಿನಲ್ಲಿ ಮಗಳ ತೊಡೆಯ ಮೇಲೆ ತಲೆಯಿಟ್ಟು ಮಲಗಿದ. ಕಾರು ನಿಧಾನವಾಗಿ, ಸದ್ದಿಲ್ಲದೆ ಬಂತು. ಗೆಜ್ಜಲಗೆರೆ ದಾಟುವ ಹೊತ್ತಿಗೆ ಮುದುಕನಿಗೆ ಗೊರಕೆ. ಮನೆ ಮುಂದೆ ನಿಲ್ಲಿಸಿದ ಮೇಲೂ ಬೋರಯ್ಯ ಬಾಗಿಲು ತೆಗೆಯಲಿಲ್ಲ. “ಇನ್ನೊಂದ್ ಗಳಿಗೆ ಮಲುಗ್ಲಿ ಕಣಮ್ಮಿ” ಎಂದು ಪಿಸುಗುಟ್ಟಿ, ಸ್ಟೇರಿಂಗ್ ಹಿಡಿದು ಹಾಗೇ ಕೂತಿದ್ದ.

ಕಾರು, ಜೀಪು, ಬಾಡಿಗೆ ವ್ಯಾನು ಓಡಿಸುವ ಅಣ್ಣಂದಿರೇ, ಓಟ ಹೆಚ್ಚಿದಂತೆ ಮುಂದಿನ ಗಾಲಿ ಗೊರಗೊರ ಎಂದರೆ, ಗುಂಬ ಕೈಗೆ ಸುಡುತ್ತಿದ್ದರೆ, ಎತ್ತಿ ಹಿಡಿದಾಗ ಗಾಲಿ ಅಲ್ಲಾಡಿದರೆ, ಅವತ್ತೇ ಒಳ್ಳೆಯ ಮೆಕ್ಯಾನಿಕ್ಕಿಗೆ ತೋರಿಸಿ. ಬಿಸಿ ಗಾಲಿಯನ್ನು ನೀರಿಗೆ ಇಳಿಸಬೇಡಿ. ಇದೊಂದು ಸಲ ಓಡಿಸಿಬಿಡೋಣ ಎನ್ನಬೇಡಿ. ನಿಮ್ಮ ಹಿಂದಿನ ಸೀಟಿನಲ್ಲಿ ಯಾರೋ ನಿಮ್ಮನ್ನು ನಂಬಿ ನಿದ್ದೆ ಮಾಡುತ್ತಿರುತ್ತಾರೆ.